ಉಪ್ಪು, ಎಣ್ಣೆ, ಅರಿಶಿನ: ಕಷ್ಟಕಾಲದಲ್ಲಿ ಕಲೆಗೇನು ಕೆಲಸ?

ಹಲಗಲಿ ಬೇಡರ ಲಾವಣಿಯನ್ನು ನಮ್ಮಲ್ಲಿ ಬಹಳ ಜನ ಶಾಲೆಯಲ್ಲಿ ಓದಿದ್ದೇವೆ. ಪರೀಕ್ಷೆಗೆ ಬೇಕಾದಷ್ಟು ಓದಿ, ಬರೆದು, ಮರೆತೂಬಿಟ್ಟಿದ್ದೇವೆ. ಮೊನ್ನೆ ಮನೆಯಲ್ಲಿ ಹಳೇ ಪಠ್ಯಪುಸ್ತಕ ಕೈಗೆ ಸಿಕ್ಕಿತು. ಸುಮ್ನೆ ತಿರುವಿ ಹಾಕುತ್ತಿದ್ದೆ, ಒಂದು ಕಡೆ ಕಣ್ಣು ನಿಂತುಬಿಟ್ಟಿತು. ಕುಂಪಣಿ ಸರಕಾರದ ದಂಡು ಊರೊಳಗೆ ನುಗ್ಗಿ ಲೂಟಿ ಮಾಡುವ ಜಾಗ ಅದು. ಲಾವಣಿಕಾರ ಅಲ್ಲಿ ಸಾಮಾನಿನ ಪಟ್ಟಿಯನ್ನೇ ಕೊಡುತ್ತಾನೆ. ಕೊಡಲಿ, ಮೊಸರು, ಬೆಣ್ಣೆ, ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಬೆಲ್ಲ. ಕೊನೆಗೆ ಮಂಗಳಸೂತ್ರ, ಬೀಸುವ ಕಲ್ಲು.

ಹಲಗಲಿ ಈಗಿನ ಬಾಗಲಕೋಟೆ ಜಿಲ್ಲೆಯ ಊರು, ಮುಧೋಳದ ಕಡೆಯದು. 1857ರಲ್ಲಿ ಯಾರೂ ಹತಾರ ಇಟ್ಟುಕೊಳ್ಳಬಾರದು ಅಂತ ಹುಕುಂ ಬಂತು. ಬೇಟೆಯಾಡುವ ಬೇಡರಿಗೆ ಹತಾರ ಕೊಡೋದು ಅಂದರೆ ಕೈಯನ್ನೇ ಕಡಿದು ಕೊಟ್ಟ ಹಾಗೆ. ಕೊಡಲ್ಲ ಅಂದರು. ಆ ವರ್ಷ ನವೆಂಬರ್ ಕೊನೆಯಲ್ಲಿ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಸಿಕ್ಕವರಲ್ಲಿ ಹಲವರನ್ನು ಗಲ್ಲಿಗೆ ಹಾಕಿದರು. ಸರಕಾರದ ಕಾಗದದಲ್ಲಿ ಇಂಥದ್ದಕ್ಕೆಲ್ಲ ಎಷ್ಟು ಜಾಗ ಸಿಗುತ್ತದೆ? ಇಷ್ಟು ಜನ ಸತ್ತರು, ಇಷ್ಟು ಜನ ಸೆರೆಸಿಕ್ಕರು, ಶಾಂತಿ ನೆಲೆಸಿತು, ಮುಗೀತು. ಅರಿಶಿನ, ಜೀರಿಗೆಯ ಲೆಕ್ಕ ಯಾವ ದಫ್ತರದಲ್ಲಿ ಇರುತ್ತೆ ಹೇಳಿ?

ಈ ಲಾವಣಿ ನಮಗೆ ಸಿಕ್ಕಿದ ಬಗೆಯೂ ವಿಚಿತ್ರ. ಇದನ್ನು ಕಾಗದಕ್ಕೆ ಇಳಿಸಿ ಅಚ್ಚು ಹಾಕಿಸಿದವನು ಜೆ.ಎಫ್. ಫ್ಲೀಟ್. ಶಾಸನಗಳ ಅಭ್ಯಾಸದಲ್ಲಿ ದೊಡ್ಡ ಹೆಸರು, ಹೊಟ್ಟೆಪಾಡಿಗೆ ಮುಂಬಯಿ ಪ್ರಾಂತ್ಯದ ಬ್ರಿಟಿಷ್ ಅಧಿಕಾರಿ. 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವೆರಿ ಅನ್ನುವ ಪತ್ರಿಕೆಯಲ್ಲಿ ಕನ್ನಡದ ಕೆಲವು ಲಾವಣಿಗಳನ್ನು ಪ್ರಕಟಿಸಿದ. ಊರು ಸುಟ್ಟವರ ಕಡೆಯ ನೌಕರನೇ ಊರಿನವರ ಹಾಡನ್ನು ಬರೆದುಕೊಂಡ. ಅಲ್ಲಿಯವರೆಗೆ ಅದು ಬಾಯಿಂದ ಬಾಯಿಗೆ, ಡಪ್ಪು ತುಂತುಣಿಯ ಸದ್ದಿನ ಜೊತೆ ಓಡಾಡಿಕೊಂಡಿತ್ತು.

ನಮ್ಮಲ್ಲೊಂದು ಗಾದೆ ಇದೆಯಲ್ಲ, ಊರು ಸುಟ್ಟರೂ ಹನುಮಪ್ಪ ಹೊರಗೆ ಅಂತ. ಕಷ್ಟಕಾಲದಲ್ಲಿ ಚಿತ್ರ ಬರೆಯುವವರನ್ನು, ಹಾಡು ಕಟ್ಟುವವರನ್ನು, ನಾಟಕ ಆಡುವವರನ್ನು ಜನ ಈ ಹನುಮಪ್ಪನ ಸಾಲಿಗೇ ಸೇರಿಸುತ್ತಾರೆ. ಎಲ್ಲೋ ಯುದ್ಧ, ಎಲ್ಲೋ ನೆರೆ, ಇಲ್ಲಿ ಕೆಲಸ ಹೋಗಿದೆ, ನಿಮಗೆ ಬಣ್ಣದ ಚಿಂತೆಯಾ? ಪ್ರಶ್ನೆ ತಪ್ಪೇನಲ್ಲ. ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರಗಳೇ ನನಗೆ ಹಿಡಿಸೋದಿಲ್ಲ. ಕಲೆ ಮನಸ್ಸಿಗೆ ಸಮಾಧಾನ ಕೊಡುತ್ತೆ, ಭರವಸೆ ಕೊಡುತ್ತೆ, ಸ್ಫೂರ್ತಿ ಕೊಡುತ್ತೆ ಅಂತಾರೆ. ಕೊಡಬಹುದು. ಒಂದು ಲೋಟ ಒಳ್ಳೆ ಕಾಫಿಯೂ ಸಮಾಧಾನ ಕೊಡುತ್ತೆ. ಲಾವಣಿಕಾರ ಅರಿಶಿನದ ಹೆಸರು ಹೇಳಿದ್ದು ಯಾರನ್ನೂ ಸಮಾಧಾನ ಮಾಡೋದಕ್ಕಲ್ಲ. ಅವನು ಲೆಕ್ಕ ಇಡುತ್ತಿದ್ದ. ಆಳುವವರ ಲೆಕ್ಕದ ಪುಸ್ತಕದಲ್ಲಿ ಬಾರದ್ದನ್ನು ಅವನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಕೆಟ್ಟ ಕಾಲದಲ್ಲಿ ಕಲೆ ಮಾಡುವ ಮುಖ್ಯ ಕೆಲಸ ಇದೇ ಅಂತ ನನಗೆ ಅನ್ನಿಸುತ್ತದೆ. ಇದನ್ನು ಸರಿಯಾಗಿ ನೋಡಬೇಕಾದರೆ ಬಂಗಾಳಕ್ಕೆ ಹೋಗಬೇಕು.

1943. ಎರಡನೇ ಮಹಾಯುದ್ಧ. ಹಿಂದಿನ ವರ್ಷವೇ ಬರ್ಮಾ ಜಪಾನಿನ ಕೈಗೆ ಹೋಗಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತ್ತು. ಜಪಾನಿನ ಸೈನ್ಯ ಬಂದರೆ ಅದಕ್ಕೆ ಏನೂ ಸಿಗಬಾರದು ಅಂತ ಸರಕಾರ ಕರಾವಳಿ ಜಿಲ್ಲೆಗಳಿಂದ ಅಕ್ಕಿ ಎತ್ತಿಸಿತು, ದೋಣಿಗಳನ್ನು ಕಿತ್ತುಕೊಂಡಿತು. ದೋಣಿ ಹೋದರೆ ಆ ಕಡೆಯ ಮೀನುಗಾರನಿಗೆ ಕಾಲೇ ಹೋದ ಹಾಗೆ. 1942ರ ಅಕ್ಟೋಬರಿನಲ್ಲಿ ಮೇದಿನಿಪುರದ ಮೇಲೆ ಚಂಡಮಾರುತ ಬೇರೆ ಬಡಿಯಿತು. ಯುದ್ಧದ ಖರ್ಚಿಗೆ ಬೆಲೆ ಏರಿತು, ಇದ್ದವರು ಅಕ್ಕಿ ಬಚ್ಚಿಟ್ಟರು, ಕೂಲಿಯವನ ಕೈಗೆ ಅಕ್ಕಿ ಎಟುಕದಂತಾಯಿತು.

ಇಷ್ಟಾದರೂ ಸರಕಾರ ಅದನ್ನು ಅಧಿಕೃತವಾಗಿ ಕ್ಷಾಮ ಅಂತ ಘೋಷಿಸಲಿಲ್ಲ. ಘೋಷಿಸಿದರೆ ಕ್ಷಾಮ ಸಂಹಿತೆಯ ಪ್ರಕಾರ ಪರಿಹಾರ ಕೊಡಬೇಕಾಗುತ್ತಿತ್ತು. ಹೆಸರಿಡದಿದ್ದರೆ ಜವಾಬ್ದಾರಿಯೂ ಇಲ್ಲ. ಸೆನ್ಸಾರ್ ಇತ್ತು, ಯುದ್ಧಕಾಲದ ಕಾನೂನುಗಳಿದ್ದವು. ಆಗಸ್ಟ್ 22ರಂದು ಕಲ್ಕತ್ತದ ಸ್ಟೇಟ್ಸ್‌ಮನ್ ಪತ್ರಿಕೆ ಬೀದಿಯಲ್ಲಿ ಸಾಯುತ್ತಿದ್ದವರ ಫೋಟೊಗಳನ್ನು ಹಾಕಿತು. ಅದರ ಸಂಪಾದಕ ಇಯಾನ್ ಸ್ಟೀಫನ್ಸ್ ಸ್ವತಃ ಇಂಗ್ಲಿಷಿನವನು. ಹೊರಗಿನ ಲೋಕಕ್ಕೆ ಸುದ್ದಿ ಗಟ್ಟಿಯಾಗಿ ಮುಟ್ಟಿದ್ದು ಆಗ.

ಆ ನವೆಂಬರಿನಲ್ಲಿ 28 ವರ್ಷದ ಒಬ್ಬ ಕಲಾವಿದ ಮೇದಿನಿಪುರ ಜಿಲ್ಲೆಯ ಹಳ್ಳಿಗಳನ್ನು ಸುತ್ತಲು ಹೊರಟ. ಹೆಸರು ಚಿತ್ತಪ್ರಸಾದ್. ಮನೆತನದ ಹೆಸರು ಭಟ್ಟಾಚಾರ್ಯ. ಜಾತಿ ತೋರಿಸುವ ಆ ಬಾಲ ಬೇಡ ಅಂತ ಅದನ್ನು ಬಿಟ್ಟಿದ್ದ. ಆರ್ಟ್ ಸ್ಕೂಲಿನಲ್ಲಿ ಕಲಿತವನಲ್ಲ, ಕಮ್ಯುನಿಸ್ಟ್ ಪಕ್ಷಕ್ಕೆ ಪೋಸ್ಟರ್ ಬರೆಯುತ್ತಿದ್ದವನು. ಕೈಯಲ್ಲಿ ಕಪ್ಪು ಶಾಯಿ, ಕುಂಚ, ಕಾಗದ. ನೋಡಿದ್ದನ್ನು ಬರೆಯುತ್ತ ಹೋದ. ಒಡೆದ ಮನೆ, ಎಲುಬು ಎಣಿಸಬಹುದಾದ ಮೈ, ಕೆಲಸವಿಲ್ಲದೆ ಕೂತ ಕೈ.

ಇಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಎಷ್ಟೋ ಚಿತ್ರಗಳ ಜೊತೆ ಅವನು ಮನುಷ್ಯರ ಹೆಸರು ಬರೆದ. ಯಾವ ಊರು, ಏನು ಕಸುಬು, ಮನೆಯಲ್ಲಿ ಯಾರು ಸತ್ತರು, ಯಾರು ಎಲ್ಲಿಗೆ ಹೋದರು ಅನ್ನುವುದನ್ನೂ ಬರೆದ. ಹಸಿದ ಬಂಗಾಳಿ ಅಂತ ಒಂದು ಸಾಮಾನ್ಯ ಆಕೃತಿ ಬರೆದು ಕೈತೊಳೆದುಕೊಳ್ಳುವುದು ಸುಲಭವಿತ್ತು. ಪೋಸ್ಟರಿಗೆ ಅಷ್ಟು ಸಾಕು. ಅವನು ಕೂತು, ಕೇಳಿ, ಬರೆದುಕೊಂಡ. ಒಬ್ಬರ ಚಿತ್ರ ಬರೆಯಬೇಕಾದರೆ ಅವರ ಎದುರು ಸ್ವಲ್ಪ ಹೊತ್ತು ಕೂರಲೇಬೇಕು ನೋಡಿ. ಕೂತಾಗ ಮಾತು ಬರುತ್ತದೆ, ಮಾತಿನಲ್ಲಿ ಹೆಸರು ಬರುತ್ತದೆ. ಆ ಹೊತ್ತಿನ ಮಟ್ಟಿಗಾದರೂ ಎದುರಿಗಿದ್ದವರು ಕ್ಷಾಮಪೀಡಿತರು ಅನ್ನುವ ಗುಂಪಿನಿಂದ ಹೊರಗೆ ಬಂದು ಇಂಥ ಊರಿನ ಇಂಥವರಾಗುತ್ತಾರೆ.

ಈ ಪ್ರವಾಸದ ಚಿತ್ರಗಳು, ಬರಹ ಸೇರಿ ‘ಹಂಗ್ರಿ ಬೆಂಗಾಲ್’ ಅನ್ನುವ ಸಣ್ಣ ಪುಸ್ತಕ ಆಯಿತು. 5,000 ಪ್ರತಿ ಅಚ್ಚಾಯಿತು. ಬ್ರಿಟಿಷ್ ಸರಕಾರ ಮುಟ್ಟುಗೋಲು ಹಾಕಿ ಸುಟ್ಟುಹಾಕಿತು. ಕಪ್ಪು ಗೀರಿನ ಒಂದಷ್ಟು ಚಿತ್ರಗಳಿಗೆ ಸಾಮ್ರಾಜ್ಯ ಅಷ್ಟು ಹೆದರಿತು ಅಂದರೆ ನಗು ಬರುತ್ತದೆ. ಆದರೆ ಹೆದರಿಕೆಗೆ ಕಾರಣ ಇತ್ತು. ಕ್ಷಾಮವೇ ಇಲ್ಲ ಅಂತ ಹೇಳುವವರ ಎದುರು ಹೆಸರು, ಊರು ಸಮೇತ ಸಾಕ್ಷಿ ಬಂದು ನಿಂತರೆ ಏನು ಮಾಡೋದು? ಒಂದು ಪ್ರತಿ ಮಾತ್ರ ಚಿತ್ತಪ್ರಸಾದನ ಮನೆಯವರ ಹತ್ತಿರ ಉಳಿದಿತ್ತು. ಬ್ಯಾಂಕ್ ಲಾಕರಿನಲ್ಲಿ ಇಟ್ಟಿದ್ದರು. 2011ರಲ್ಲಿ ದೆಹಲಿ ಆರ್ಟ್ ಗ್ಯಾಲರಿ ಅದನ್ನು ಇದ್ದ ಹಾಗೇ ಮತ್ತೆ ಅಚ್ಚು ಹಾಕಿತು. ಸತ್ತವರ ಲೆಕ್ಕ ಏನಾಯಿತು ಅಂತೀರಾ? ಸರಕಾರ ನೇಮಿಸಿದ ವಿಚಾರಣಾ ಆಯೋಗ ಸುಮಾರು 15 ಲಕ್ಷ ಅಂದಿತು. ಆಮೇಲೆ ಅಭ್ಯಾಸ ಮಾಡಿದವರು 30 ಲಕ್ಷದವರೆಗೂ ಹೇಳುತ್ತಾರೆ. ತಲೆ ಎಣಿಕೆಯಲ್ಲೇ ಇಷ್ಟು ಅಂತರ, ಇನ್ನು ಹೆಸರಿನ ಮಾತು ಎಲ್ಲಿಯದು?

ಚಿತ್ತಪ್ರಸಾದ್ ಒಬ್ಬನೇ ಅಲ್ಲ. ಮೈಮನ್‌ಸಿಂಗ್ ಕಡೆಯ ಜೈನುಲ್ ಆಬೆದಿನ್ ಕಲ್ಕತ್ತದ ಫುಟ್‌ಪಾತಿನಲ್ಲಿ ಸಾಯುತ್ತಿದ್ದವರನ್ನು ಅಗ್ಗದ ಪ್ಯಾಕಿಂಗ್ ಕಾಗದದ ಮೇಲೆ ಬರೆದ. ಒಣ ಕುಂಚ, ಕಪ್ಪು ಶಾಯಿ, ಪಕ್ಕದಲ್ಲೇ ಕಾಯುತ್ತಿರುವ ಕಾಗೆ. ಇನ್ನೊಬ್ಬ ಸೋಮನಾಥ ಹೋರ್. ಆಗಿನ್ನೂ 22 ವರ್ಷದ ಹುಡುಗ. ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಅವನು ಬಿಳಿ ಕಾಗದದ ತಿರುಳಿನಿಂದ ಗಾಯಗಳು ಅನ್ನುವ ಸರಣಿ ಮಾಡಿದ. ಬಿಳಿಯ ಮೇಲೆ ಬಿಳಿ. ಬಣ್ಣ ಇಲ್ಲ, ಆಕೃತಿ ಇಲ್ಲ, ಕೊರೆದ ಹಾಗೆ, ಸೀಳಿದ ಹಾಗೆ ಗುರುತು ಮಾತ್ರ. 1943ರಲ್ಲಿ ಕಣ್ಣಿಗೆ ಬಿದ್ದದ್ದು ಕೈಯಿಂದ ಹೊರಬರಲು ಅಷ್ಟು ಕಾಲ ತೆಗೆದುಕೊಂಡಿತು.

ಇದೇ ಹೊತ್ತಿಗೆ ನಾಟಕದವರೂ ಬೀದಿಗಿಳಿದರು. ಇಪ್ಟಾ, ಅಂದರೆ ಭಾರತೀಯ ಜನನಾಟ್ಯ ಸಂಘ, ಮುಂಬಯಿಯಲ್ಲಿ ಹುಟ್ಟಿದ್ದು 1943ರ ಮೇ ತಿಂಗಳಲ್ಲಿ. ಅದರ ಬೇರು ನಮ್ಮ ಬೆಂಗಳೂರಲ್ಲೂ ಇದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಸಿಲೋನಿನಿಂದ ಬಂದಿದ್ದ ಅನಿಲ್ ಡಿ ಸಿಲ್ವ ಅನ್ನುವ ಹೆಣ್ಣುಮಗಳು 1941ರಲ್ಲೇ ಬೆಂಗಳೂರಲ್ಲಿ ಇಂಥದ್ದೊಂದು ತಂಡ ಕಟ್ಟಿದ್ದಳು. ಪೀಪಲ್ಸ್ ಥಿಯೇಟರ್ ಅನ್ನುವ ಹೆಸರು ಸೂಚಿಸಿದ್ದು ವಿಜ್ಞಾನಿ ಹೋಮಿ ಭಾಭಾ ಅಂತ ಹೇಳುತ್ತಾರೆ. ಆತ ಆಗ ಇಲ್ಲೇ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದ್ದ. ಬಂಗಾಳದ ಹಾಡುಗಾರರ ತಂಡಗಳು ಬೇರೆ ಪ್ರಾಂತ್ಯಗಳಿಗೆ ಹೋಗಿ, ಹಾಡಿ, ಕುಣಿದು, ಕ್ಷಾಮದ ಕಥೆ ಹೇಳಿ ಪರಿಹಾರಕ್ಕೆ ದುಡ್ಡು ಕೂಡಿಸಿದವು. 1944ರಲ್ಲಿ ಬಿಜನ್ ಭಟ್ಟಾಚಾರ್ಯ ಬರೆದ ‘ನಬಾನ್ನ’ ರಂಗಕ್ಕೆ ಬಂತು. ಅದುವರೆಗೆ ರಾಜರು, ಜಮೀನ್ದಾರರು ಮೆರೆದಾಡಿದ್ದ ಕಲ್ಕತ್ತದ ರಂಗದ ಮೇಲೆ ಹಸಿದ ರೈತ ಬಂದು ನಿಂತ.

ಇದೆಲ್ಲ ಸೇರಿ ಕ್ಷಾಮವನ್ನು ನಿಲ್ಲಿಸಿತಾ? ಇಲ್ಲ. ಚಿತ್ತಪ್ರಸಾದ್ ಬರೆದ ಜನರಲ್ಲಿ ಎಷ್ಟೋ ಮಂದಿ ಶಾಯಿ ಒಣಗುವ ಹೊತ್ತಿಗೇ ಸತ್ತಿರಬಹುದು. ಕಲೆಯ ಪರವಾಗಿ ಮಾತಾಡುವವರು ಈ ಮಾತನ್ನು ನುಂಗಿಬಿಡುತ್ತಾರೆ. ನುಂಗಬಾರದು. ಅನ್ನದ ಕೆಲಸವನ್ನು ಅನ್ನವೇ ಮಾಡಬೇಕು. ಆದರೆ ಅನ್ನ ಯಾಕೆ ಸಿಗಲಿಲ್ಲ, ಯಾರಿಗೆ ಸಿಗಲಿಲ್ಲ ಅನ್ನುವ ಮಾತನ್ನು ಇಂದು ನಾವು ಆಡುತ್ತಿದ್ದೇವೆ ಅಂದರೆ, ಅದರ ಹಿಂದೆ ಆ ಫೋಟೊ, ಆ ಗೀರು, ಆ ನಾಟಕ ಎಲ್ಲ ಇವೆ.

ಇನ್ನೊಂದು ಗಾದೆಯನ್ನೂ ಎದುರಿಸಬೇಕು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ. ಮೊದಲು ಹಿಟ್ಟು, ಆಮೇಲೆ ಹೂವು ಅನ್ನೋದು ಇದರ ಲೆಕ್ಕ. ಕೇಳೋಕೆ ಸರಿಯಾಗಿಯೇ ಇದೆ. ಆದರೆ ಬದುಕು ಹಾಗೆ ನಡೆದದ್ದು ಕಡಿಮೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿ ನೋಡಿ. ಹಿಂದೆ ಆಫ್ರಿಕಾದಿಂದ ಬಂದವರ ವಂಶದವರು ಇವರು. ಬಹಳ ಜನಕ್ಕೆ ಕೂಲಿಯೇ ಜೀವನ. ಕೌದಿಗೆ ಬಳಸೋದು ಹರಿದ ಸೀರೆ, ಸವೆದ ಅಂಗಿ, ಉಡಲು ಬಾರದ ಬಟ್ಟೆ. ಅಂಚಿನಿಂದ ಶುರುಮಾಡಿ, ತುಂಡಿನ ಮೇಲೆ ತುಂಡು ಇಟ್ಟು, ಸುತ್ತ ಸುತ್ತ ಒಳಗೆ ಹೊಲಿದುಕೊಂಡು ಬರುತ್ತಾರೆ. ಎಲ್ಲ ಮುಗಿದ ಮೇಲೆ ನಾಲ್ಕು ಮೂಲೆಗೆ ಮಡಚಿದ ಮುಮ್ಮೂಲೆಯ ಬಟ್ಟೆ ತುಂಡು ಸೇರಿಸುತ್ತಾರೆ. ಅದಕ್ಕೆ ಫುಲಾ ಅಂತ ಹೆಸರು, ಅಂದರೆ ಹೂವು. ಆ ಹೂವಿನಿಂದ ಕೌದಿ ಒಂದು ಗುಲಗಂಜಿಯಷ್ಟೂ ಹೆಚ್ಚು ಬೆಚ್ಚಗಾಗುವುದಿಲ್ಲ. ಹೂವಿಲ್ಲದಿದ್ದರೆ ಕೌದಿ ಬತ್ತಲೆ ಅಂತಾರೆ ಹೊಲಿಯುವವರು. ಹಿಟ್ಟು ತುಂಬುವವರೆಗೆ ಮಲ್ಲಿಗೆಯನ್ನು ಮುಂದೂಡಿದ್ದರೆ ಆ ಹೂವು ಇವತ್ತಿಗೂ ಅರಳುತ್ತಿರಲಿಲ್ಲ, ಅಲ್ವಾ?

ಇದಕ್ಕಿಂತ ಕಠಿಣವಾದ ಜಾಗದಲ್ಲೂ ಹೀಗೆ ನಡೆದಿದೆ. ಚೆಕ್ ದೇಶದ ಟೆರೆಝೀನ್ ಒಂದು ಕೋಟೆ ಊರು, ಪ್ರಾಗ್‌ನಿಂದ ಸುಮಾರು 60 ಕಿಲೋಮೀಟರ್. ನಾಜಿಗಳು ಅದನ್ನು ಯಹೂದಿಗಳನ್ನು ಕೂಡಿಹಾಕುವ ಘೆಟ್ಟೊ ಮಾಡಿದ್ದರು. ಅಲ್ಲಿಂದ ರೈಲು ನಾಜಿಗಳ ಕೊಲೆಶಿಬಿರ ಆಶ್ವಿಟ್ಜ್‌ಗೆ ಹೋಗುತ್ತಿತ್ತು. 1942ರ ಡಿಸೆಂಬರಿನಲ್ಲಿ ಫ್ರೀಡಲ್ ಡಿಕರ್-ಬ್ರಾಂಡೈಸ್ ಅನ್ನುವ ಕಲಾವಿದೆ ಅಲ್ಲಿಗೆ ಬಂದಳು. ಜರ್ಮನಿಯ ಪ್ರಸಿದ್ಧ ಬೌಹೌಸ್ ಶಾಲೆಯಲ್ಲಿ ಕಲಿತವಳು. ಜೊತೆಗೆ ತರಬಹುದಾಗಿದ್ದ ಸಾಮಾನಿಗೆ ತೂಕದ ಮಿತಿ ಇತ್ತು. ಆ ಮಿತಿಯೊಳಗೇ ಕಾಗದ, ಬಣ್ಣ ತುಂಬಿಕೊಂಡು ಬಂದಳು. ಮಕ್ಕಳ ಕೋಣೆಗಳಲ್ಲಿ ಚಿತ್ರದ ಪಾಠ ಶುರುಮಾಡಿದಳು. ಕಾಗದ ಮುಗಿದಾಗ ಕಚೇರಿಯ ಹಳೇ ಫಾರಂಗಳ ಬೆನ್ನು, ಸುತ್ತಿದ ಕಾಗದ, ಏನು ಸಿಕ್ಕರೆ ಅದು.

ಅವಳು ಮಕ್ಕಳಿಗೆ ಘೆಟ್ಟೊವನ್ನೇ ಬರೆಯಿರಿ ಅಂತ ಒತ್ತಾಯ ಮಾಡಲಿಲ್ಲ. ಗೆರೆ, ಲಯ, ಬೆಳಕು, ಹೂದಾನಿ, ಕಿಟಕಿಯ ಆಚೆಗಿನ ಗುಡ್ಡ. ಆದರೆ ಒಂದು ವಿಷಯ ರೂಢಿ ಮಾಡಿಸಿದಳು. ಚಿತ್ರದ ಮೇಲೆ ಹೆಸರು ಬರೆಯುವುದು. ರೈಲಿಗೆ ಹತ್ತಿಸುವ ಪಟ್ಟಿಯಲ್ಲಿ ಆ ಮಗು ಒಂದು ನಂಬರು. ಕಾಗದದ ಮೂಲೆಯಲ್ಲಿ ಅದು ಹೆಸರಿರುವ ಮಗು. 1944ರ ಅಕ್ಟೋಬರಿನಲ್ಲಿ ಅವಳನ್ನೂ ಆಶ್ವಿಟ್ಜ್‌ಗೆ ಕಳಿಸಿ ಕೊಂದರು. ಹೋಗುವ ಮುಂಚೆ ಸುಮಾರು 4,500 ಚಿತ್ರಗಳನ್ನು ಎರಡು ಸೂಟ್‌ಕೇಸಿನಲ್ಲಿ ತುಂಬಿ ಬಚ್ಚಿಡಲಾಗಿತ್ತು. ಯುದ್ಧ ಮುಗಿದ ಮೇಲೆ ಆ ಸೂಟ್‌ಕೇಸುಗಳು ಪ್ರಾಗ್ ತಲುಪಿದವು. ಇವತ್ತು ಅಲ್ಲಿನ ಯಹೂದಿ ಮ್ಯೂಸಿಯಮ್ಮಿನಲ್ಲಿವೆ. ಬರೆದ ಮಕ್ಕಳಲ್ಲಿ ಹೆಚ್ಚಿನವರು ಬದುಕಲಿಲ್ಲ. ಹೆಸರು ಉಳಿದಿದೆ.

ಅದೇ ಘೆಟ್ಟೊದಲ್ಲಿ ಹೆಲ್ಗಾ ವೈಸೊವಾ ಅನ್ನುವ 12 ವರ್ಷದ ಹುಡುಗಿ ಇದ್ದಳು. ಹಿಮದ ಗೊಂಬೆ ಮಾಡುವ ಮಕ್ಕಳ ಚಿತ್ರ ಬರೆದು, ಗಂಡಸರ ಬ್ಯಾರಕ್ಕಿನಲ್ಲಿದ್ದ ಅಪ್ಪನಿಗೆ ಕದ್ದು ಕಳಿಸಿದಳು. ನೀನು ನೋಡಿದ್ದನ್ನು ಬರಿ ಅಂತ ಅಪ್ಪ ಹೇಳಿ ಕಳಿಸಿದ. ಅಲ್ಲಿಂದ ಮುಂದೆ ಅವಳು ಊಟದ ಸಾಲು, ಮೂರು ಅಂತಸ್ತಿನ ಮಂಚ, ಹೆಣದ ಗಾಡಿ ಎಲ್ಲವನ್ನೂ ಬರೆದಳು. ಅವಳ ಚಿಕ್ಕಪ್ಪ ಅವನ್ನು ಗೋಡೆಯೊಳಗೆ ಇಟ್ಟಿಗೆ ಮುಚ್ಚಿ ಉಳಿಸಿದ. ಹೆಲ್ಗಾ ಆಶ್ವಿಟ್ಜ್‌ನಿಂದ ಬದುಕಿ ಬಂದಳು, ಅಪ್ಪ ಬರಲಿಲ್ಲ. ಒಬ್ಬಳು ಹೂದಾನಿ ಬರೆಸಿದಳು, ಇನ್ನೊಬ್ಬ ನೋಡಿದ್ದನ್ನು ಬರಿ ಅಂದ. ಯಾರು ಸರಿ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಈಗ ಅನ್ನಿಸುತ್ತದೆ, ಹೂದಾನಿಯೂ ಆ ಮಗು ನೋಡಿದ್ದೇ. ಪಟ್ಟಿ ಮಾಡುವವನ ಕಣ್ಣಿಗೆ ಅದು ಬಿದ್ದಿರಲಿಲ್ಲ, ಅಷ್ಟೇ.

ಟೆರೆಝೀನಿನ ಇನ್ನೊಂದು ಮುಖ ಹೇಳದಿದ್ದರೆ ತಪ್ಪಾಗುತ್ತದೆ. 1944ರ ಜೂನ್ 23ರಂದು ರೆಡ್‌ಕ್ರಾಸ್ ತಂಡ ಅಲ್ಲಿಗೆ ಭೇಟಿ ಕೊಟ್ಟಿತು. ನಾಜಿಗಳು ಊರಿಗೆ ಸುಣ್ಣಬಣ್ಣ ಬಳಿಸಿದರು, ಹೂವಿನ ಗಿಡ ನೆಡಿಸಿದರು, ಮಕ್ಕಳಿಂದ ಆಪೆರಾ ಆಡಿಸಿದರು. ಆಮೇಲೆ ಒಂದು ಪ್ರಚಾರದ ಸಿನಿಮಾ ಕೂಡ ತೆಗೆಸಿದರು. ಕೈದಿಗಳೇ ಕಟ್ಟಿಕೊಂಡಿದ್ದ ಸಂಗೀತ, ಅವರನ್ನು ಕೊಲ್ಲುವವರ ಸುಳ್ಳಿಗೆ ಪರದೆಯಾಯಿತು. ಹಾಗಾಗಿ ಕಲೆ ಅಂದ ಕೂಡಲೇ ಒಳ್ಳೆಯದರ ಪಕ್ಷ ಅಂತ ತಿಳಿಯೋದು ಬೇಡ. ಆಳುವವರಿಗೆ ಬಣ್ಣದ ಬೆಲೆ ನಮಗಿಂತ ಜಾಸ್ತಿ ಗೊತ್ತು. ಚಿತ್ರ ಎದುರಿಗೆ ಬಂದಾಗ ಚೆನ್ನಾಗಿದೆಯಾ ಅಂತ ಕೇಳುವುದರ ಜೊತೆಗೆ, ಇದರಲ್ಲಿ ಯಾರ ಲೆಕ್ಕ ಇದೆ, ಯಾರ ಲೆಕ್ಕ ಬಿಟ್ಟುಹೋಗಿದೆ ಅಂತಲೂ ಕೇಳಬೇಕಾಗುತ್ತದೆ.

ಈಗಿನ ಕಾಲಕ್ಕೆ ಬರೋಣ. 1943ರ ತೊಂದರೆ ಚಿತ್ರ ಇಲ್ಲದ್ದು. ನಮ್ಮ ತೊಂದರೆ ಚಿತ್ರ ಅತಿಯಾಗಿದ್ದು. ಬೆಳಗ್ಗೆ ಹಲ್ಲುಜ್ಜುವ ಮುಂಚೆಯೇ ಫೋನಿನಲ್ಲಿ ಎರಡು ಯುದ್ಧ, ಒಂದು ಭೂಕುಸಿತ ನೋಡಿ ಆಗಿರುತ್ತದೆ. ಇಷ್ಟೆಲ್ಲ ಕ್ಯಾಮೆರಾ ಇರುವಾಗ ಕುಂಚ ಹಿಡಿದು ಕೂರೋದು ಯಾಕೆ?

2024ರ ಮೇ ಕೊನೆಯ ವಾರ ನೆನಪಿದೆಯಾ? ಗಾಜಾದ ರಫಾದಲ್ಲಿ ನಿರಾಶ್ರಿತರ ಡೇರೆಗಳ ಮೇಲೆ ದಾಳಿ ನಡೆದು ಬೆಂಕಿ ಹತ್ತಿಕೊಂಡಿತು. ಒಂದೆರಡು ದಿನದಲ್ಲಿ ಒಂದು ಚಿತ್ರ ಎಲ್ಲರ ಇನ್‌ಸ್ಟಾಗ್ರಾಮ್ ಸ್ಟೋರಿಯಲ್ಲಿತ್ತು. ಸಾಲು ಸಾಲು ಡೇರೆ, ನಡುವೆ ಡೇರೆಗಳಿಂದಲೇ ಮೂಡಿದ ಇಂಗ್ಲಿಷ್ ಅಕ್ಷರ, ಎಲ್ಲರ ಕಣ್ಣು ರಫಾ ಮೇಲೆ ಅನ್ನುವ ಅರ್ಥದ್ದು. ನಾಲ್ಕು ಕೋಟಿಗೂ ಹೆಚ್ಚು ಜನ ಹಂಚಿಕೊಂಡರು. ನನ್ನ ಫೋನಿನಲ್ಲಿರುವ ಅರ್ಧ ಜನ ಹಾಕಿದ್ದರು, ನಾನೂ ಹಾಕಲು ಹೊರಟಿದ್ದೆ. ಅದು ಎಐ ಮಾಡಿದ ಚಿತ್ರ. ಹಿಂದೆ ಹಿಮ ಹೊದ್ದ ಬೆಟ್ಟಗಳಿದ್ದವು, ರಫಾದಲ್ಲಿ ಅಂಥ ಬೆಟ್ಟ ಇಲ್ಲ. ಡೇರೆಗಳು ಇಸ್ತ್ರಿ ಹಾಕಿದ ಹಾಗೆ ನೀಟಾಗಿದ್ದವು. ಗುರುತು ಹಿಡಿಯಬಹುದಾದ ಒಂದು ಮುಖ ಇಲ್ಲ. ರಕ್ತ ಇಲ್ಲದ್ದಕ್ಕೇ ಅದು ಅಷ್ಟು ಸಲೀಸಾಗಿ ಓಡಿತು ಅಂತ ನನ್ನ ಗುಮಾನಿ.

ಹಂಚಿದವರನ್ನು ಹೀಯಾಳಿಸುವ ಮನಸ್ಸಿಲ್ಲ. ಏನಾದರೂ ಹೇಳಬೇಕು ಅಂತ ಎಲ್ಲರಿಗೂ ಅನ್ನಿಸಿತ್ತು, ಕೈಗೆ ಸಿಕ್ಕಿದ್ದು ಅದು. ಆದರೆ ಚಿತ್ತಪ್ರಸಾದನ ಒಂದು ಹಾಳೆಯ ಪಕ್ಕ ಇದನ್ನು ಇಟ್ಟು ನೋಡಿ. ಅವನ ಹಾಳೆ ಕೆಲವೇ ಜನಕ್ಕೆ ತಲುಪಿತು, ಪುಸ್ತಕ ಬೂದಿಯಾಯಿತು. ಆದರೂ ಅದರಲ್ಲಿ ಒಬ್ಬ ಮನುಷ್ಯ ಇದ್ದಾನೆ. ಇದು ಕೋಟಿ ಕೋಟಿ ಜನಕ್ಕೆ ತಲುಪಿತು, ಇದರಲ್ಲಿ ಯಾರೂ ಇಲ್ಲ. ಬರೆದವರು ಯಾರ ಎದುರೂ ಕೂರಲಿಲ್ಲ, ಏನನ್ನೂ ಕೇಳಲಿಲ್ಲ. ಎಐ ಬಂದ ಮೇಲೆ ಕಲಾವಿದರ ಕೆಲಸ ಹೋಗುತ್ತಾ ಅಂತ ಎಲ್ಲರೂ ಕೇಳುತ್ತಿದ್ದಾರೆ. ಪೋಸ್ಟರಿನ ಕೆಲಸ, ಜಾಹೀರಾತಿನ ಕೆಲಸ ಹೋಗಬಹುದು, ಹೋಗುತ್ತಲೂ ಇದೆ. ಎದುರು ಹೋಗಿ ಕೂರುವ ಕೆಲಸವನ್ನು ಅದು ಮಾಡಲಾರದು. ಕಷ್ಟಕಾಲದಲ್ಲಿ ಬೇಕಾಗಿರೋದು ಆ ಕೂರುವಿಕೆಯೇ.

ಆದರೆ ಕೂರುವವನ ಹೊಟ್ಟೆಗೆ ಏನು? ಇಲ್ಲಿ ನಾವು ಕನ್ನಡಿಗರು ಸ್ವಲ್ಪ ತಲೆ ತಗ್ಗಿಸಬೇಕು. ಕರಾವಳಿಯ ಯಕ್ಷಗಾನ ಮೇಳಗಳ ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಯ ಪತ್ತನಾಜೆಯವರೆಗೆ, ಅಂದರೆ ತಿರುಗಾಟ ಮುಗಿಸುವ ದಿನದವರೆಗೆ, ನಡೆಯುತ್ತದೆ. ಆರೇಳು ತಿಂಗಳ ದುಡಿಮೆಯಲ್ಲಿ ವರ್ಷ ಕಳೆಯಬೇಕು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಆಟ ನಿಂತಿತು. ಜಾತ್ರೆಯನ್ನೇ ನಂಬಿದ್ದ ಕಂಪನಿ ನಾಟಕದವರ ಗತಿಯೂ ಅದೇ. ಕಿರೀಟ ಕಟ್ಟುತ್ತಿದ್ದವರು ಕೂಲಿಗೆ ಹೋದರು, ತರಕಾರಿ ಮಾರಿದರು. ಎರಡನೇ ಅಲೆಯ ಹೊತ್ತಿಗೆ, 2021ರ ಮೇನಲ್ಲಿ, ಸರಕಾರ ಕಲಾವಿದರಿಗೆ ತಲಾ 3,000 ರೂಪಾಯಿ ಪರಿಹಾರ ಘೋಷಿಸಿತು. ಏನೂ ಇಲ್ಲದ್ದಕ್ಕಿಂತ ವಾಸಿ. ಆದರೆ ಅದೇ ತಿಂಗಳುಗಳಲ್ಲಿ ಮನೆಯೊಳಗೆ ಕೂತ ನಾವೆಲ್ಲ ಬದುಕಿದ್ದು ಯಾವುದರ ಮೇಲೆ? ಹಾಡು, ಸಿನಿಮಾ, ಆನ್‌ಲೈನ್ ತಾಳಮದ್ದಳೆ. ಮೊದಲು ಬಾಗಿಲು ಹಾಕಿದವುಗಳಲ್ಲಿ ರಂಗವೂ ಒಂದು, ತಡವಾಗಿ ತೆಗೆದವುಗಳಲ್ಲೂ ಅದು ಒಂದು. ಕಷ್ಟಕಾಲದಲ್ಲಿ ಕಲೆ ಬೇಕು ಅನ್ನುವವರು ಆ ಕಾಲದಲ್ಲಿ ಕಲಾವಿದರ ಮನೆಯ ಅಕ್ಕಿ ಡಬ್ಬಿಯ ಬಗ್ಗೆಯೂ ಮಾತಾಡದಿದ್ದರೆ ಅದು ಬರೀ ಬಾಯುಪಚಾರ.

ಕೊರೊನಾ ಕಾಲದ ನನ್ನ ನೆನಪು ಮಾತ್ರ ನಂಬರುಗಳದ್ದು. ದಿನಾ ಸಂಜೆ ಬುಲೆಟಿನ್. ಜಿಲ್ಲಾವಾರು ಇಷ್ಟು, ರಾಜ್ಯಕ್ಕೆ ಇಷ್ಟು. ನಮ್ಮ ಮನೆತನದಲ್ಲೂ ಒಂದು ಸಾವಾಯಿತು, ಆ ದಿನದ ನಂಬರಿನೊಳಗೆ ಅದೂ ಸೇರಿಕೊಂಡಿತು. ಹೋಗಿ ನೋಡಲೂ ಆಗಲಿಲ್ಲ.

ಊರಲ್ಲಿರುವ ದೊಡ್ಡವ್ವ ಆ ಬೇಸಿಗೆಯಲ್ಲಿ ಒಂದು ಕೌದಿ ಹೊಲಿದಳು. ಓಡಾಟ ಶುರುವಾದ ಮೇಲೆ ಹೋದಾಗ ಪಡಸಾಲೆಯಲ್ಲಿ ಹಾಸಿ ತೋರಿಸಿದಳು. ಬೆರಳಿಟ್ಟು ಒಂದೊಂದೇ ಹೇಳುತ್ತ ಹೋದಳು. “ಇದು ನಿಮ್ಮವ್ವನ ಇಳಕಲ್ಲ ಸೀರಿ, ಸೆರಗು ಸುಟ್ಟಿತ್ತು. ಇದು ಮಾಸ್ಕ್ ಹೊಲದು ಉಳದ ಅರಬಿ. ಇದು ನಿಮ್ಮ ಕಾಕಾನ ಧೋತ್ರ, ದವಾಖಾನಿಂದ ಚೀಲದಾಗ ಹಾಕಿ ಕೊಟ್ರಲ್ಲ, ಅದು.” ಧೋತರದ ತುಂಡು ನಟ್ಟನಡುವೆ ಇರಲಿಲ್ಲ, ಮೇಲೆ ಎದ್ದು ಕಾಣುವ ಹಾಗೂ ಇಟ್ಟಿರಲಿಲ್ಲ. ಕಾಲಿನ ಕಡೆ, ಒಂದು ಹಸಿರು ಕುಬುಸದ ತುಂಡಿನ ಪಕ್ಕ ಇತ್ತು. ಯಾಕೆ ಅಲ್ಲಿ ಅಂತ ಕೇಳಿದೆ. ಅವನಿಗೆ ಕಾಲು ಬಹಳ ತಣ್ಣಗಾಗುತ್ತಿತ್ತು ಅಂದಳು.

ಹೋದ ವಾರ ಫೋನ್ ಮಾಡಿದ್ದಳು. ಇನ್ನೊಂದು ಶುರುಮಾಡಿದ್ದಾಳೆ, ನನ್ನದೊಂದು ಅಂಗಿ ಬೇಕಂತೆ. ಇಲ್ಲಿ ಒಳ್ಳೆ ಬಟ್ಟೆ ಸಿಗುತ್ತೆ, ಎರಡು ಮೀಟರ್ ತೊಗೊಂಡು ಕಳಿಸ್ತೀನಿ ಅಂದೆ. “ಹೊಸಾದು ಬ್ಯಾಡೋ,” ಅಂದಳು, “ಬಿರುಸಿರ್ತದ, ಸೂಜಿ ಇಳಿಯಂಗಿಲ್ಲ. ನೀ ಉಟ್ಟು ಹರದಿದ್ದು ಇದ್ರ ಕಳಸು.”